ಬದಲಿ ಟೈರು: ನಂಜನಗೂಡು–ಟಿ. ನರಸೀಪುರ ಸೀಮೆಯ ದಿನಬಳಕೆಯ ಕಾರುಗಳಲ್ಲಿ

ಕಾರಿನ ಜೊತೆ ಕಾರ್ಖಾನೆಯಿಂದ ಬಂದ ಟೈರು ಸವೆದೋ ಹಳತಾಗಿಯೋ ಕೆಲಸಕ್ಕೆ ಬಾರದಾದಾಗ ಮಾಲೀಕರು ಆರಿಸಿ ಹಾಕಿಸುವ ಟೈರೇ ಬದಲಿ ಟೈರು. ಇವುಗಳಲ್ಲಿ ಹಿಡಿತ, ಬ್ರೇಕು, ತಿರುವಿನಲ್ಲಿ ಅಲುಗದ ಸ್ಥಿರತೆಗೆ ಹೆಚ್ಚು ಒತ್ತು ಕೊಟ್ಟು ತಯಾರಿಸಿದವನ್ನು ಪೇಟೆಯಲ್ಲಿ ಪರ್ಫಾರ್ಮೆನ್ಸ್ ಟೈರು ಎನ್ನುತ್ತಾರೆ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಓಡುವ ಸ್ವಿಫ್ಟ್, ವ್ಯಾಗನ್‌ಆರ್, ಬಲೆನೊ, ಐ20ಗಳಿಗೆ ವೇಗದ ಪಂದ್ಯದ ಹಂಗಿಲ್ಲ. ಇಲ್ಲಿ ಒಳ್ಳೆಯ ಟೈರೆಂದರೆ ಒದ್ದೆ ಟಾರಿನ ಮೇಲೆ ಬ್ರೇಕು ಒತ್ತಿದಾಗ ಬೇಗ ನಿಲ್ಲಿಸುವ, ಗುಂಡಿಗೆ ಬಿದ್ದರೂ ಗೋಡೆ ಒಡೆಯದ ಟೈರು. ಈ ಎರಡನ್ನು ಮುಂದಿಟ್ಟುಕೊಂಡು ಹುಡುಕಿದರೆ, ಅಂಗಡಿಯಲ್ಲಿ ಸಾಮಾನ್ಯವಾಗಿ ಮೊದಲು ಕೇಳುವ "ಎಷ್ಟು ಕಿಲೋಮೀಟರ್ ಬರುತ್ತೆ?" ಎಂಬ ಪ್ರಶ್ನೆ ಮೂರನೆಯ ಸ್ಥಾನಕ್ಕೆ ಹೋಗುತ್ತದೆ.

ರಸ್ತೆಗಳು

ಕೋಳಿಕ್ಕೋಡಿನಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 766 (ಹಳೆಯ ಸಂಖ್ಯೆ 212) ಬಂಡೀಪುರದ ಕಾಡು, ಗುಂಡ್ಲುಪೇಟೆ, ನಂಜನಗೂಡು ದಾಟಿ ಮೈಸೂರಿಗೆ ಬರುತ್ತದೆ. ಅಲ್ಲಿಂದ ಪೂರ್ವಕ್ಕೆ ತಿರುಗಿ ವರುಣ, ಟಿ. ನರಸೀಪುರದ ಮೂಲಕ ಕೊಳ್ಳೇಗಾಲ ಸೇರುತ್ತದೆ. ಎರಡೂ ತಾಲ್ಲೂಕು ಕೇಂದ್ರಗಳು ಒಂದೇ ಹೆದ್ದಾರಿಯ ಮೇಲಿದ್ದರೂ ಟೈರಿನ ಮಟ್ಟಿಗೆ ಅವುಗಳ ಪಾಡು ಬೇರೆ. ನಂಜನಗೂಡಿನ ಕಡೆ ಲಾರಿ, ಕಾರ್ಖಾನೆಯ ಬಸ್ಸು, ಊಟಿ ಮತ್ತು ವಯನಾಡಿನ ಪ್ರವಾಸಿ ಕಾರುಗಳ ಓಟ ಜೋರು. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ ಜಾರಿಯಲ್ಲಿದೆ. ಗೇಟು ಮುಚ್ಚುವುದರೊಳಗೆ ಕಾಡು ದಾಟಬೇಕೆಂದು ಸಂಜೆ ಅವಸರದಲ್ಲಿ ಹೊರಟವರಿಗೆ ಕತ್ತಲು, ಮಳೆ, ಹಂಪುಗಳು ಒಟ್ಟಿಗೇ ಎದುರಾಗುತ್ತವೆ. ಟಿ. ನರಸೀಪುರದ ಕಡೆ ನಾಲೆ ಬಯಲು, ಭತ್ತದ ಗದ್ದೆ, ಕಬ್ಬಿನ ಟ್ರ್ಯಾಕ್ಟರು. ಗದ್ದೆಯಿಂದ ಮೇಲೆ ಹತ್ತಿದ ಟ್ರ್ಯಾಕ್ಟರಿನ ಗಾಲಿಯ ಕೆಸರು ಟಾರಿನ ಮೇಲೆ ಉದ್ದಕ್ಕೆ ಹರಡಿಕೊಂಡಿರುತ್ತದೆ. ಒಣಗಿದ್ದಾಗ ಅದು ಬರೀ ಧೂಳು; ಎರಡು ಹನಿ ಬಿದ್ದರೆ ಸಾಬೂನಿನ ನೊರೆಯ ಹಾಗೆ ಜಾರುತ್ತದೆ.

ಈ ಸೀಮೆಯ ಟೈರಿಗೆ ಇನ್ನೊಂದು ಪರೀಕ್ಷೆ ಒಕ್ಕಣೆ. ಸುಗ್ಗಿ ಮುಗಿದ ತಿಂಗಳುಗಳಲ್ಲಿ ಹಳ್ಳಿಯ ಒಳರಸ್ತೆಗಳಲ್ಲಿ ರಾಗಿ ತೆನೆ, ಹುರುಳಿ ಗಿಡಗಳನ್ನು ಉದ್ದಕ್ಕೂ ಹರಡಿ, ಹೋಗಿಬರುವ ವಾಹನಗಳ ಗಾಲಿಯಿಂದಲೇ ಕಾಳು ಬಿಡಿಸುವುದು ರೂಢಿ. ಕಣ ಮಾಡಿಕೊಳ್ಳಲು ಜಾಗವಿಲ್ಲದ, ಆಳು ಸಿಗದ ರೈತನ ಕಷ್ಟವನ್ನು ಅರಿತು ನೋಡಬೇಕು. ಆದರೂ ಒಣಹುಲ್ಲಿನ ಮೇಲೆ ಟೈರಿನ ರಬ್ಬರು ಟಾರನ್ನು ಮುಟ್ಟುವುದೇ ಇಲ್ಲ. ಅಲ್ಲಿ ಜೋರಾಗಿ ಬ್ರೇಕು ಹಾಕಿದರೆ ಕಾರು ಹುಲ್ಲಿನ ಸಮೇತ ಮುಂದಕ್ಕೆ ಜಾರುತ್ತದೆ. ಗಾಲಿಯ ಅಚ್ಚಿಗೆ ಸುತ್ತಿಕೊಂಡ ಹುಲ್ಲು ಬಿಸಿ ಸೈಲೆನ್ಸರಿಗೆ ತಗುಲಿ ಬೆಂಕಿ ಹೊತ್ತಿಕೊಳ್ಳುವುದೂ ಉಂಟು. ಎಂತಹ ದುಬಾರಿ ಟೈರಿಗೂ ಇದಕ್ಕೆ ಉತ್ತರವಿಲ್ಲ. ವೇಗ ತಗ್ಗಿಸಿ, ಬ್ರೇಕು ಮುಟ್ಟದೆ ನಿಧಾನವಾಗಿ ದಾಟಿ, ಆಮೇಲೆ ಕಾರು ನಿಲ್ಲಿಸಿ ಅಡಿಭಾಗ ನೋಡಿಕೊಳ್ಳಬೇಕು.

ಮಳೆಯ ಲೆಕ್ಕ ಬೇರೆ. ಕಾಡಿನಂಚಿನ ಹೆಗ್ಗಡದೇವನಕೋಟೆಗೆ ಹೋಲಿಸಿದರೆ ಈ ಎರಡು ತಾಲ್ಲೂಕುಗಳಲ್ಲಿ ಮುಂಗಾರು ಸೌಮ್ಯ. ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲೆ ಎಣ್ಣೆ, ಧೂಳು, ರಬ್ಬರಿನ ಪುಡಿ ಕೂತಿರುವಾಗ ಭರಣಿ ಮಳೆಯ ಮೊದಲ ಹತ್ತು ನಿಮಿಷವೇ ಅತಿ ಅಪಾಯದ ಹೊತ್ತು. ಆಮೇಲೆ ಸುರಿಯುವ ಮಳೆ ರಸ್ತೆಯನ್ನು ತೊಳೆದು ಕೊಂಚ ಹಿಡಿತ ಮರಳಿಸುತ್ತದೆ. ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ನಂಜನಗೂಡಿನ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೇ ಕಪಿಲೆ (ಕಬಿನಿ ನದಿ) ಹರಿಯುತ್ತದೆ. 2019ರ ಆಗಸ್ಟಿನಲ್ಲಿ ಹಾಗೆಯೇ ಆಗಿ ರಸ್ತೆ ಬಂದ್ ಆಗಿತ್ತು. ಅಂಥ ನೀರಿಗೆ ಕಾರು ಇಳಿಸುವುದು ಟೈರಿನ ಪ್ರಶ್ನೆಯೇ ಅಲ್ಲ. ಟೈರಿನ ಪ್ರಶ್ನೆ ಬರುವುದು ಟಾರಿನ ಮೇಲೆ ಒಂದೆರಡು ಮಿಲಿಮೀಟರ್ ನೀರು ನಿಂತಿರುವ ಕಡೆ.

ಟೈರಿನ ಗೋಡೆಯ ಮೇಲಿನ ಬರಹ

ಪ್ರತಿ ಟೈರಿನ ಗೋಡೆಯ ಮೇಲೂ 165/80 ಆರ್14 85ಟಿ ಎಂಬಂಥ ಸಾಲೊಂದಿರುತ್ತದೆ. 165 ಎಂಬುದು ಮಿಲಿಮೀಟರಿನಲ್ಲಿ ಅಗಲ. 80 ಎಂದರೆ ಗೋಡೆಯ ಎತ್ತರ ಅಗಲದ ಶೇ. 80ರಷ್ಟು. ಆರ್ ಎಂದರೆ ರೇಡಿಯಲ್ ರಚನೆ, 14 ರಿಮ್ಮಿನ ಇಂಚು. 85 ಭಾರದ ಸೂಚ್ಯಂಕ, ಅಂದರೆ ಒಂದು ಟೈರು ಹೊರಬಹುದಾದ ತೂಕ 515 ಕಿಲೋ. 82 ಇದ್ದರೆ 475, 88 ಇದ್ದರೆ 560 ಕಿಲೋ. ಕೊನೆಯ ಅಕ್ಷರ ವೇಗದ ಮಿತಿ: ಎಸ್ ಗಂಟೆಗೆ 180 ಕಿ.ಮೀ., ಟಿ 190, ಎಚ್ 210, ವಿ 240. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಕಾರಿನ ವೇಗಮಿತಿ 100 ಕಿ.ಮೀ. ಮಾತ್ರ, ಹಾಗಾದರೆ ಎಚ್ ಏಕೆ ಬೇಕು ಎಂದು ಕೇಳುವುದು ಸಹಜ. ಬರೀ ವೇಗಕ್ಕಾದರೆ ಬೇಡ. ಆದರೆ ಆ ಅಕ್ಷರ ಪಡೆಯಲು ಟೈರು ಬಿಸಿಯನ್ನು ಹೆಚ್ಚು ತಡೆಯಬೇಕು, ಒಳಪಟ್ಟಿ ಬಿಗಿಯಾಗಿರಬೇಕು. ಸ್ಟೀರಿಂಗಿನ ಚುರುಕು, ಬೇಸಿಗೆಯಲ್ಲಿ ತುಂಬಿದ ಕಾರು ಗಂಟೆಗಟ್ಟಲೆ ಓಡಿದಾಗಿನ ತಾಳಿಕೆ, ಎರಡೂ ಅದರಿಂದ ಬರುತ್ತವೆ. ಏನೇ ಆದರೂ ಕಾರ್ಖಾನೆ ಕೊಟ್ಟ ಭಾರದ ಅಂಕಿ ಮತ್ತು ವೇಗದ ಅಕ್ಷರ ಎರಡಕ್ಕಿಂತಲೂ ಕೆಳಗಿಳಿಯಬಾರದು.

ಇನ್ನೊಂದು ಮೂಲೆಯಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2324 ಎಂದಿದ್ದರೆ ಅದು 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರು. ಈ ಸೀಮೆಯಲ್ಲಿ ಇದನ್ನು ನೋಡುವ ಅಗತ್ಯ ಬೇರೆ ಕಡೆಗಿಂತ ಹೆಚ್ಚು. ಮೈಸೂರಿನ ಆಸ್ಪತ್ರೆಗೆ, ಮದುವೆಗೆ, ಸುತ್ತೂರು ಜಾತ್ರೆಗೆ, ಮಲೆಮಹದೇಶ್ವರ ಬೆಟ್ಟಕ್ಕೆ ಮಾತ್ರ ಹೊರಡುವ ಕಾರುಗಳು ಇಲ್ಲಿ ಬೇಕಾದಷ್ಟಿವೆ. ಅವುಗಳ ಟೈರು ಸವೆಯುವ ಮೊದಲೇ ಮುಪ್ಪಾಗುತ್ತವೆ. ಬಿಸಿಲಿನಲ್ಲಿ ನಿಂತು ಗೋಡೆಯ ಮೇಲೆ ಸಣ್ಣ ಸಣ್ಣ ಬಿರುಕು ಬಿಟ್ಟ ರಬ್ಬರು ಗಟ್ಟಿಯಾಗಿ, ನೋಡಲು ಬಟನ್ (ಟೈರಿನ ಮೇಲ್ಮೈಯ ಗೀರಿನ ಆಳ) ತುಂಬ ಇದ್ದರೂ ಮಳೆಯಲ್ಲಿ ಹಿಡಿಯುವುದಿಲ್ಲ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತೋರಿಸಿ, ಬಿರುಕು ಕಂಡರೆ ಬದಲಿಸುವುದು ಒಳ್ಳೆಯದು. ಡಿಕ್ಕಿಯೊಳಗೆ ನೆಲ ಮುಟ್ಟದೆ ಕೂತ ಸ್ಟೆಪ್ನಿಗೂ ವಯಸ್ಸಾಗುತ್ತದೆ.

ಐಎಸ್‌ಐ ಗುರುತು ಕಡ್ಡಾಯ. ಕಾರಿನ ಟೈರಿಗೆ ಅನ್ವಯಿಸುವ ಭಾರತೀಯ ಮಾನಕ ಐಎಸ್ 15633. ಉರುಳುವಾಗಿನ ತಡೆ, ಒದ್ದೆ ರಸ್ತೆಯ ಹಿಡಿತ, ಸದ್ದು ಈ ಮೂರಕ್ಕೂ ಕನಿಷ್ಠ ಮಟ್ಟವನ್ನು ನಿಗದಿ ಮಾಡುವ ಎಐಎಸ್-142 ಮಾನಕವನ್ನು ಕೇಂದ್ರ ಸಾರಿಗೆ ಸಚಿವಾಲಯ 2022ರ ಅಧಿಸೂಚನೆಯಲ್ಲಿ ಜಾರಿಗೆ ತಂದಿತು. ಇಂಧನ ದಕ್ಷತಾ ಬ್ಯೂರೊ ಕೊಡುವ ನಕ್ಷತ್ರದ ಚೀಟಿ ತೋರಿಸುವುದು ಇಂಧನ ಉಳಿತಾಯವನ್ನು. ಐದು ನಕ್ಷತ್ರವಿದ್ದ ಮಾತ್ರಕ್ಕೆ ಬ್ರೇಕಿನಲ್ಲಿ ಶ್ರೇಷ್ಠವೆಂದು ತಿಳಿಯಬಾರದು. ಯುರೋಪಿಗೂ ಹೋಗುವ ಮಾದರಿಗಳಿಗೆ ಅಲ್ಲಿನ ಚೀಟಿಯಲ್ಲಿ ಒದ್ದೆ ಹಿಡಿತಕ್ಕೆ ಎ ಯಿಂದ ಇ ವರೆಗೆ ದರ್ಜೆ ಇರುತ್ತದೆ. ಸಿಕ್ಕರೆ ಮೊದಲು ನೋಡಬೇಕಾದ್ದು ಅದನ್ನೇ.

ಅಳತೆ ಏರಿಸುವುದು

ಟೈರು ಬದಲಿಸುವ ಹೊತ್ತಿಗೆ ಬಹುಮಂದಿಗೆ ಬರುವ ಆಸೆ ಅಗಲದ ಟೈರು, ಅಲಾಯ್ ರಿಮ್ಮು. ಒಂದೇ ಕಂಪನಿಯ ಕಾರುಗಳಲ್ಲಿ ಕಾಣುವ ಮೂರು ಅಳತೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಿಳಿಯುತ್ತದೆ. 2018ರ ಸ್ವಿಫ್ಟಿನ ಕೆಳ ದರ್ಜೆಗಳಿಗೆ 165/80 ಆರ್14, ಮೇಲ್ದರ್ಜೆಗೆ 185/65 ಆರ್15, ಬಲೆನೊದ ಮೇಲ್ದರ್ಜೆಗೆ 195/55 ಆರ್16. ಮೂರರ ಹೊರವ್ಯಾಸವೂ 620 ಮಿಲಿಮೀಟರಿನ ಆಸುಪಾಸು, ವ್ಯತ್ಯಾಸ ಎರಡು ಮಿಲಿಮೀಟರಿನೊಳಗೆ. ಹಾಗಾಗಿ ವೇಗದ ಮುಳ್ಳು ಸುಳ್ಳು ಹೇಳುವುದಿಲ್ಲ. ವ್ಯತ್ಯಾಸವಿರುವುದು ಗೋಡೆಯಲ್ಲಿ: ಮೊದಲನೆಯದರ ಗೋಡೆ 132 ಮಿ.ಮೀ., ಎರಡನೆಯದು 120, ಮೂರನೆಯದು 107.

ಗೋಡೆ ಗಿಡ್ಡವಾದಷ್ಟೂ ತಿರುವಿನಲ್ಲಿ ಕಾರು ವಾಲುವುದು ಕಡಿಮೆ, ಸ್ಟೀರಿಂಗು ತಿರುಗಿಸಿದೊಡನೆ ಮೂತಿ ತಿರುಗುತ್ತದೆ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿಯ 36 ತಿರುವುಗಳಲ್ಲಿ ಇದರ ಸುಖ ತಿಳಿಯುತ್ತದೆ. ಆದರೆ ಗುಂಡಿಯ ಅಂಚು ಗಾಲಿಗೆ ಬಡಿದಾಗ ಪೆಟ್ಟನ್ನು ನುಂಗುವುದು ಗೋಡೆಯೊಳಗಿನ ಗಾಳಿ. ಗೋಡೆ ಗಿಡ್ಡವಾದರೆ ಟೈರಿನ ಒಳನೂಲು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಕಡಿಯುತ್ತದೆ, ಹೊರಗೆ ಗುಳ್ಳೆಯಂತೆ ಉಬ್ಬು ಬರುತ್ತದೆ. ಉಬ್ಬಿದ ಟೈರಿಗೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಎಸೆಯಬೇಕು. ಊರೂರಿಗೂ ಒಂದೊಂದು ಎತ್ತರದ ಹಂಪು, ಪೈಪಿಗಾಗಿ ಅಗೆದು ಸರಿಯಾಗಿ ಮುಚ್ಚದ ಕಾಲುವೆ, ಟಾರು ಕಿತ್ತ ಸೇತುವೆಯ ಅಂಚು ಇರುವ ಒಳರಸ್ತೆಗಳಲ್ಲಿ ದಿನವೂ ಓಡುವ ಕಾರಿಗೆ 16 ಇಂಚಿನ ಗಿಡ್ಡ ಗೋಡೆ ತಕ್ಕುದಲ್ಲ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. 14 ಇಂಚಿನಿಂದ ಅದೇ ಮಾದರಿಯ ಮೇಲ್ದರ್ಜೆಯ 15 ಇಂಚಿಗೆ, ಅಂದರೆ 185/65ಕ್ಕೆ ಹೋಗುವುದು ಒಪ್ಪುವ ಮಾತು.

ಹೊರವ್ಯಾಸ ನೋಡದೆ ಬರೀ ಅಗಲ ಏರಿಸುವವರೂ ಇದ್ದಾರೆ. ವ್ಯಾಗನ್‌ಆರ್‌ನ 155/80 ಆರ್13ರ ಬದಲು ಅದೇ ರಿಮ್ಮಿಗೆ 165/80 ಹಾಕಿದರೆ ವ್ಯಾಸ ಸುಮಾರು ಶೇ. 2.8ರಷ್ಟು ಹೆಚ್ಚುತ್ತದೆ, ಮುಳ್ಳು 100 ತೋರಿಸುವಾಗ ಕಾರು ಮೊದಲಿಗಿಂತ ಸುಮಾರು 3 ಕಿ.ಮೀ. ಹೆಚ್ಚು ವೇಗದಲ್ಲಿರುತ್ತದೆ. ಬೆಂಗಳೂರು ಹೆದ್ದಾರಿಯ ಕ್ಯಾಮೆರಾಗಳ ಮುಂದೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಅದೇ ಕಾರಿಗೆ 175/70 ಆರ್13 ಹಾಕಿದರೆ ವ್ಯತ್ಯಾಸ ಅರ್ಧ ಶೇಕಡಾ ಮಾತ್ರ. ರಿಮ್ಮಿನ ಅಗಲ ಅದಕ್ಕೆ ಸಾಲುತ್ತದೆಯೇ, ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜುತ್ತದೆಯೇ ಎಂದು ನೋಡಿಕೊಂಡರೆ ಸಾಕು. ನಿಂತ ನೀರಿನ ಮೇಲೆ ಅಗಲದ ಟೈರು ಬೇಗ ತೇಲುತ್ತದೆ ಎಂಬುದನ್ನೂ ಆಸೆಯ ನಡುವೆ ಮರೆಯಬಾರದು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆ ಮಾದರಿಯ ಯಾವುದೋ ಒಂದು ದರ್ಜೆಗೆ ಕಂಪನಿಯೇ ಕೊಟ್ಟ ಅಳತೆಯೊಳಗೆ ಇದ್ದರೆ ವಿಮೆಯವರ ತಕರಾರಿಗೂ ಎಡೆ ಕಡಿಮೆ.

ರಬ್ಬರು, ಟ್ರೆಡ್ಡು ಮತ್ತು ನೀರು

ಅಂಗೈ ಅಗಲದ ನಾಲ್ಕು ತುಂಡು ರಬ್ಬರು, ಕಾರಿಗೂ ಭೂಮಿಗೂ ಇರುವ ನಂಟು ಅಷ್ಟೇ. ಬ್ರೇಕಿನ ಎಬಿಎಸ್ ವ್ಯವಸ್ಥೆ 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಅದು ಗಾಲಿ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸಲಾರದು. 80 ಕಿ.ಮೀ. ವೇಗದಲ್ಲಿ ಒಂದು ಮಿಲಿಮೀಟರ್ ನೀರಿನ ಮೇಲೆ ಓಡುವಾಗ 165ರ ಅಗಲದ ಒಂದು ಟೈರು ಸೆಕೆಂಡಿಗೆ ಮೂರೂವರೆ ಲೀಟರಿಗೂ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು. ಹೊಸ ಟೈರಿನ ಗೀರಿನ ಆಳ ಸಾಮಾನ್ಯವಾಗಿ 7–8 ಮಿ.ಮೀ.; ಕಾರಿಗೆ ಕಾನೂನು ಒಪ್ಪುವ ಕೊನೆಯ ಮಿತಿ 1.6 ಮಿ.ಮೀ. ಗೀರುಗಳ ತಳದಲ್ಲಿ ಅಡ್ಡಲಾಗಿ ಇರುವ ಸಣ್ಣ ದಿಬ್ಬಗಳ ಮಟ್ಟಕ್ಕೆ ರಬ್ಬರು ಸವೆದರೆ ಆ ಮಿತಿ ಮುಟ್ಟಿತೆಂದೇ ಲೆಕ್ಕ. ಒಣ ರಸ್ತೆಯಲ್ಲಿ ಅಷ್ಟು ಸವೆದ ಟೈರೂ ನಿಲ್ಲಿಸುತ್ತದೆ, ಅದಕ್ಕೇ ಮಾಲೀಕರಿಗೆ ಅಪಾಯ ತಿಳಿಯುವುದಿಲ್ಲ. ಮೇ ತಿಂಗಳಿನಲ್ಲಿ 3 ಮಿ.ಮೀ. ಉಳಿದಿದ್ದರೆ ಮುಂಗಾರು ಮುಗಿಯಲಿ ಎಂದು ಕಾಯದೆ ಆಗಲೇ ಬದಲಿಸಬೇಕು.

ರಬ್ಬರಿಗೆ ಸಿಲಿಕಾ ಹೆಚ್ಚು ಬೆರೆಸಿದರೆ ಒದ್ದೆಯಲ್ಲಿ ಹಿಡಿತ ಹೆಚ್ಚುತ್ತದೆ, ಉರುಳುವ ತಡೆಯೂ ತಗ್ಗುತ್ತದೆ. ಮೆದು ರಬ್ಬರು ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳುತ್ತದೆ, ಮಳೆಯಲ್ಲಿ ಕೈಕೊಡುತ್ತದೆ. ಕೆಲವು ಟೈರುಗಳ ಮೇಲೆ ಅಮೆರಿಕದ ಪದ್ಧತಿಯ ಟ್ರೆಡ್‌ವೇರ್ ಅಂಕಿ ಇರುತ್ತದೆ. ಅದು 200–300ರ ಆಸುಪಾಸಿದ್ದರೆ ಮೆದು, 400 ದಾಟಿದರೆ ಬಾಳಿಕೆಯ ಕಡೆಗೆ ವಾಲಿದ್ದು. ಆ ಅಂಕಿಯನ್ನು ಕಂಪನಿಯೇ ಕೊಟ್ಟುಕೊಳ್ಳುವುದರಿಂದ ಒಂದು ಕಂಪನಿಯದನ್ನು ಇನ್ನೊಂದರ ಜೊತೆ ಹೋಲಿಸುವುದು ತರವಲ್ಲ. ಅದರ ಜೊತೆಗಿರುವ ಟ್ರ್ಯಾಕ್ಷನ್ ದರ್ಜೆ (ಎಎ, ಎ, ಬಿ, ಸಿ) ಒದ್ದೆ ರಸ್ತೆಯಲ್ಲಿ ನೇರಕ್ಕೆ ಬ್ರೇಕು ಹಾಕಿದಾಗಿನದು.

ಪೇಟೆಯಲ್ಲಿ ಸಿಗುವ ಹೆಸರುಗಳನ್ನು ಎರಡು ಗುಂಪಾಗಿ ನೋಡಬಹುದು. ಬಾಳಿಕೆ, ಮೈಲೇಜಿನ ಕಡೆ ವಾಲಿದವು ಎಂಆರ್‌ಎಫ್ ಝಡ್‌ವಿಟಿವಿ, ಅಪೋಲೊ ಅಮೇಜರ್ 4ಜಿ ಲೈಫ್, ಸಿಯೆಟ್ ಮಿಲೇಜ್ ಮುಂತಾದವು. ಟ್ಯಾಕ್ಸಿಯವರು ಹೆಚ್ಚಾಗಿ ಆರಿಸುವುದು ಇಂಥವನ್ನು, ಅವರ ಲೆಕ್ಕಕ್ಕೆ ಅದು ಸರಿ. ಹಿಡಿತ, ಸದ್ದಿಲ್ಲದ ಓಟದ ಕಡೆಯವು ಮಿಶಲಿನ್ ಪ್ರೈಮಸಿ 4ಎಸ್‌ಟಿ, ಅಪೋಲೊ ಆಲ್ನಾಕ್ 4ಜಿ, ಸಿಯೆಟ್ ಸೆಕ್ಯುರಾಡ್ರೈವ್, ಬ್ರಿಡ್ಜ್‌ಸ್ಟೋನ್ ಟುರಾಂಜಾ ಮುಂತಾದವು. ಎಲ್ಲ ಮಾದರಿಗಳೂ ಎಲ್ಲ ಅಳತೆಗೂ ಬರುವುದಿಲ್ಲ. 13 ಮತ್ತು 14 ಇಂಚಿನವರಿಗೆ ಎರಡನೆಯ ಗುಂಪಿನಲ್ಲಿ ಆಯ್ಕೆ ಕಡಿಮೆ. 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ವಿದೇಶದಿಂದ ಬರುತ್ತಿದ್ದ ಅಪ್ಪಟ ಪರ್ಫಾರ್ಮೆನ್ಸ್ ಟೈರುಗಳ ಪೂರೈಕೆಯೂ ತಗ್ಗಿತು. ದಿನಬಳಕೆಯ ಕಾರಿಗೆ ಅದರಿಂದ ಹೆಚ್ಚು ನಷ್ಟವೇನೂ ಆಗಿಲ್ಲ. ಚಳಿಗಾಲದ ಟೈರು ಎಂಬ ಜಾತಿ ಈ ಸೀಮೆಗೆ ಬೇಕಿಲ್ಲ.

ಮೈಸೂರಿನ ಟೈರು

ಟೈರು ತಯಾರಿಕೆ ಈ ಜಿಲ್ಲೆಗೆ ಹೊಸತಲ್ಲ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ವಿಕ್ರಾಂತ್ ಟೈರ್ಸ್ ಹಳೆಯ ತಲೆಮಾರಿನ ಲಾರಿ ಮಾಲೀಕರಿಗೆ ಮನೆಯ ಹೆಸರು. 1997ರಲ್ಲಿ ಅದು ಜೆ.ಕೆ. ಸಮೂಹದ ಕೈ ಸೇರಿತು. ವಿಕ್ರಾಂತ್ ಎಂಬ ಹೆಸರು ಇಂದಿಗೂ ಚಾಲ್ತಿಯಲ್ಲಿದೆ. ಭಾರತದಲ್ಲಿ 1977ರಲ್ಲಿ ರೇಡಿಯಲ್ ತಂತ್ರಕ್ಕೆ ನಾಂದಿ ಹಾಡಿದ ಕಂಪನಿ ಜೆ.ಕೆ. ಅದರ ಸಂಶೋಧನಾ ಕೇಂದ್ರವಾದ ರಘುಪತಿ ಸಿಂಘಾನಿಯಾ ಸೆಂಟರ್ ಆಫ್ ಎಕ್ಸಲೆನ್ಸ್ ಇರುವುದೂ ಮೈಸೂರಿನಲ್ಲೇ. ಅಂಬಾಸಿಡರ್ ಕಾರಿಗೆ 5.90-15 ಅಳತೆಯ, ಟ್ಯೂಬು ಹಾಕಿದ ಅಡ್ಡನೂಲಿನ ಟೈರು ಬರುತ್ತಿದ್ದ ಕಾಲದಲ್ಲಿ ಆಯ್ಕೆ ಎಂಬುದೇ ಇರಲಿಲ್ಲ. ಸವೆದರೆ ಮೇಲೆ ಹೊಸ ರಬ್ಬರು ಕೂರಿಸಿ ರೀಸೋಲ್ ಮಾಡಿಸುತ್ತಿದ್ದರು. ಲಾರಿ, ಬಸ್ಸಿನ ಟೈರಿಗೆ ರೀಸೋಲ್ ಇಂದಿಗೂ ಒಪ್ಪುವ ಪದ್ಧತಿ, ಕಾರಿನ ಟೈರಿಗೆ ಬೇಡ.

ಅಂಗಡಿಯಲ್ಲಿ

ಎರಡೂ ಪಟ್ಟಣಗಳ ಅಂಗಡಿಗಳಲ್ಲಿ ಸಾಮಾನ್ಯ ಅಳತೆಗಳು ಕೈಗೆ ಸಿಗುತ್ತವೆ. ಮೇಲಿನ ದರ್ಜೆಯದು ಬೇಕಾದರೆ ತರಿಸಿಕೊಡಲು ಹೇಳಬೇಕು, ಇಲ್ಲವೇ 25–30 ಕಿ.ಮೀ. ದೂರದ ಮೈಸೂರಿಗೆ ಹೋಗಬೇಕು. 2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟೈರಿನ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಬಿಲ್ಲು ಇಲ್ಲದೆ ಕೊಂಡರೆ ಮುಂದೆ ಗ್ಯಾರಂಟಿ ಕೇಳಲು ಆಧಾರವಿರುವುದಿಲ್ಲ.

ನಾಲ್ಕನ್ನೂ ಒಟ್ಟಿಗೆ ಬದಲಿಸಲಾಗದೆ ಎರಡೇ ಕೊಳ್ಳುವವರು ಹೆಚ್ಚು. ಆಗ ಹೊಸ ಎರಡನ್ನು ಮುಂದಕ್ಕೆ ಹಾಕುವುದು ಇಲ್ಲಿನ ರೂಢಿ, ಏಕೆಂದರೆ ಎಂಜಿನ್ನು ಎಳೆಯುವುದು ಮುಂಗಾಲಿಗಳನ್ನು. ಇದು ತಪ್ಪು. ಒದ್ದೆ ತಿರುವಿನಲ್ಲಿ ಮುಂದಿನ ಗಾಲಿ ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ವೇಗ ತಗ್ಗಿಸಿದರೆ ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನ ಗಾಲಿ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಸಾಮಾನ್ಯ ಚಾಲಕರಿಗೆ ಅದನ್ನು ಸರಿಪಡಿಸಲು ಆಗದು. ಹೊಸವು ಹಿಂದಕ್ಕೆ ಹೋಗಲಿ, ಹಿಂದಿನವು ಮುಂದಕ್ಕೆ ಬರಲಿ. ಒಂದು ಅಚ್ಚಿನ ಎಡಬಲಗಳಲ್ಲಿ ಬೇರೆ ಬೇರೆ ಮಾದರಿ ಇರಬಾರದು.

ಹೊರಮೈ ಎಂದು ಬರೆದ ಬದಿ ಹೊರಗೇ ಬಂದಿದೆಯೇ, ಬಾಣದ ಗುರುತು ಕಾರು ಮುಂದೆ ಉರುಳುವ ದಿಕ್ಕಿಗೇ ಇದೆಯೇ ಎಂದು ಕಾರು ಜಾಕಿನಿಂದ ಇಳಿಯುವ ಮೊದಲೇ ನೋಡಿಕೊಳ್ಳಬೇಕು. ಟ್ಯೂಬ್‌ಲೆಸ್ ಟೈರಿಗೆ ವಾಲ್ವೂ ಹೊಸದಾಗಬೇಕು. ಬ್ಯಾಲೆನ್ಸಿಂಗ್ ಮಾಡದಿದ್ದರೆ 80 ದಾಟಿದ ಮೇಲೆ ಸ್ಟೀರಿಂಗು ನಡುಗುತ್ತದೆ. ಅಲೈನ್‌ಮೆಂಟ್ ತಪ್ಪಿದ್ದರೆ ಒಂದು ಅಂಚು ಮಾತ್ರ ನುಣ್ಣಗಾಗಿ ಟೈರು ಅರ್ಧ ಆಯಸ್ಸಿಗೇ ಹೋಗುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ಹೊಸ ರಬ್ಬರಿನ ಮೇಲ್ಮೈ ಸವೆದು ಹದಕ್ಕೆ ಬರುವವರೆಗೆ ನಿಧಾನವಾಗಿ ಓಡಿಸುವುದು ಕ್ಷೇಮ. ಮೈಲೇಜು ತುಸು ತಗ್ಗಿದಂತೆ ಕಂಡರೆ ಗಾಬರಿ ಬೇಡ, ಸವೆದ ಟೈರಿಗಿಂತ ತುಂಬಿದ ಟ್ರೆಡ್ಡು ಉರುಳಲು ಹೆಚ್ಚು ಬಲ ಬೇಡುತ್ತದೆ.

ಗಾಳಿಯ ಒತ್ತಡ ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿದೆ. ಅದು ತಣ್ಣಗಿರುವ ಟೈರಿನ ಲೆಕ್ಕ. ಹಳ್ಳಿಯಿಂದ ಹತ್ತಾರು ಕಿಲೋಮೀಟರ್ ಓಡಿಸಿಕೊಂಡು ಬಂದು ಬಂಕಿನಲ್ಲಿ ನೋಡಿದರೆ ಮೀಟರು ಹೆಚ್ಚು ತೋರಿಸುತ್ತದೆ. ಆಗ ಗಾಳಿ ಬಿಡಬಾರದು. ಮಂದಿ, ಸಾಮಾನು ತುಂಬಿಕೊಂಡು ಬೆಟ್ಟಕ್ಕೆ ಹೊರಡುವ ದಿನಕ್ಕೆ ಚೀಟಿಯಲ್ಲಿ ಬೇರೆ ಅಂಕಿ ಇರುತ್ತದೆ, ಹಿಂದಿನ ಗಾಲಿಗೆ ಅಷ್ಟು ಹಾಕಿಸಬೇಕು. ನೈಟ್ರೋಜನ್ನಿಗೆ ಹಣ ಕೊಡುವ ಅಗತ್ಯವಿಲ್ಲ; ಬರೀ ಗಾಳಿಯಲ್ಲೇ ಅದು ಶೇ. 78ರಷ್ಟಿದೆ, ತಿಂಗಳಿಗೆರಡು ಸಲ ಒತ್ತಡ ನೋಡುವ ಅಭ್ಯಾಸ ಅದಕ್ಕಿಂತ ಹೆಚ್ಚು ಕಾಯುತ್ತದೆ. 8,000–10,000 ಕಿ.ಮೀ.ಗೊಮ್ಮೆ ಹಿಂದುಮುಂದು ಬದಲಿಸಿದರೆ ನಾಲ್ಕೂ ಸಮನಾಗಿ ಸವೆಯುತ್ತವೆ.

ಬಿಚ್ಚಿದ ಹಳೆಯ ಟೈರನ್ನು ಅಂಗಡಿಯವರು ಒಂದಿಷ್ಟು ಬೆಲೆ ಕಟ್ಟಿ ಉಳಿಸಿಕೊಳ್ಳುವುದುಂಟು. ಅವುಗಳಲ್ಲಿ ಕೆಲವು ಸೆಕೆಂಡ್‌ಹ್ಯಾಂಡ್ ಟೈರಾಗಿ ಮತ್ತೊಂದು ಕಾರಿಗೆ ಏರುತ್ತವೆ, ಹೊಸದು ಕೊಳ್ಳಲಾಗದ ಮನೆಯವರ ಕಾರಿಗೆ. ಗೀರಿನ ತಳದ ದಿಬ್ಬ ಮುಟ್ಟಿದ, ಬಿರುಕು ಬಿಟ್ಟ ಅಥವಾ ಉಬ್ಬಿದ ಟೈರನ್ನು ಹಾಗೆ ಮಾರಲು ಬಿಡಬಾರದು. ಬಿಟ್ಟುಬರುವ ಮೊದಲು ಅದರ ಗೋಡೆಯನ್ನು ಕುಯ್ಯಿಸಿದರೆ ಮತ್ತೆ ರಿಮ್ಮಿಗೆ ಏರದು. ಹಿತ್ತಲಲ್ಲಿ ಬಿಟ್ಟರೆ ಮಳೆನೀರು ನಿಂತು ಡೆಂಗಿ ಸೊಳ್ಳೆ ಹುಟ್ಟುತ್ತದೆ, ಸುಟ್ಟರೆ ವಿಷದ ಹೊಗೆ. ಬಳಸಿದ ಟೈರುಗಳ ಮರುಬಳಕೆಯ ಹೊಣೆಯನ್ನು 2022ರ ನಿಯಮಗಳು ತಯಾರಕರ ಮತ್ತು ಆಮದುದಾರರ ಮೇಲೆ ಹೊರಿಸಿವೆ. ಆ ಸರಪಳಿಗೆ ಟೈರು ತಲುಪುವುದು ಅದನ್ನು ಗುಜರಿಗೆಂದೇ ಒಪ್ಪಿಸಿದಾಗ.